ಕೊರಳಿಗೆ ತೂಗುಬಿಟ್ಟ ಬೋರ್ಡು



ಈ ಹೊತ್ತು ನಾನು ಮಾತಾಡಬೇಕೆಂದು ಬಂದದ್ದು ನಾಟಕದ ಬಗ್ಗೆ. ಅದಕ್ಕೂ ಮೊದಲು, ಎದುರಿಗಿರುವ ಈ ಮೈಕಿನ ಪರವಾಗಿ ಒಂದು ತಪ್ಪೊಪ್ಪಿಗೆ ಆಗಿಬಿಡಲಿ. ಒಂದು ಕಾಲದಲ್ಲಿ ರೇಡಿಯೋ ಒಂದು ಕಸುಬಿನವರ ಅನ್ನವನ್ನೇ ಕಿತ್ತುಕೊಂಡಿತ್ತು.

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಟ್ಯಾಂಪಾ ಅಂತ ಒಂದು ಊರು. ಅಲ್ಲಿ ಈಬೋರ್ ಸಿಟಿ ಎಂಬ ಪೇಟೆ 1880ರ ದಶಕದಲ್ಲಿ ಚುರುಟು ಕಾರ್ಖಾನೆಗಳಿಗಾಗಿಯೇ ಹುಟ್ಟಿಕೊಂಡಿತು. ಕ್ಯೂಬಾ, ಸ್ಪೇನ್, ಇಟಲಿಗಳಿಂದ ಬಂದ ಹೆಂಗಸರು ಗಂಡಸರು ಸಾಲಾಗಿ ಕೂತು ಕೈಯಲ್ಲೇ ಹೊಗೆಸೊಪ್ಪು ಸುತ್ತುತ್ತಿದ್ದರು. ಅವರ ನಡುವೆ ಒಂದು ಎತ್ತರದ ಅಟ್ಟಣೆ. ಅದರ ಮೇಲೆ ಒಬ್ಬ ಕೂತು ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನದ ಮೇಲೆ ಕಾದಂಬರಿ ಓದುತ್ತಿದ್ದ. ಅವನನ್ನು ‘ಲೆಕ್ಟೋರ್’ ಎನ್ನುತ್ತಿದ್ದರು, ಅಂದರೆ ಓದುವವನು. ಆಗ ಮೈಕು ಎಲ್ಲಿಂದ ಬರಬೇಕು? ಗಂಟಲೇ ಅವನ ಬಂಡವಾಳ. ಅವನಿಗೆ ಸಂಬಳ ಕೊಡುತ್ತಿದ್ದವನು ಮಾಲೀಕನಲ್ಲ. ಕೆಲಸಗಾರರೇ ವಾರವಾರವೂ ತಮ್ಮ ಕೂಲಿಯಲ್ಲಿ ಚೂರು ಚೂರು ತೆಗೆದು ಕೊಡುತ್ತಿದ್ದರು. ಯಾವ ಕಾದಂಬರಿ ಓದಬೇಕು ಎನ್ನುವುದೂ ಅವರದೇ ತೀರ್ಮಾನ. ಅಕ್ಷರ ಕಲಿಯದವರೂ ಸರ್ವಾಂಟಿಸನ ಬಗ್ಗೆ, ಹ್ಯೂಗೋನ ಬಗ್ಗೆ ಜಗಳ ಕಾಯುತ್ತಿದ್ದರಂತೆ. ನಮ್ಮ ನೆರೆಯ ಕಣ್ಣೂರಿನ ಬೀಡಿ ಕಾರ್ಖಾನೆಗಳಲ್ಲೂ ಇಂಥ ರೂಢಿ ಇತ್ತು. ಒಬ್ಬರು ಪತ್ರಿಕೆ ಓದುವುದು, ಓದುವವರ ಪಾಲಿನ ಬೀಡಿಯನ್ನು ಉಳಿದವರು ಸುತ್ತಿಕೊಡುವುದು. ಬೆರಳಿಗೆ ಕೆಲಸವಿದ್ದು ಕಿವಿ ಖಾಲಿ ಇರುವ ಕಡೆ ಮನುಷ್ಯ ಎಲ್ಲೇ ಇದ್ದರೂ ಕಥೆ ಕೇಳುತ್ತಾನೆ.

1931ರಲ್ಲಿ ಟ್ಯಾಂಪಾದ ಮಾಲೀಕರು ಆ ಅಟ್ಟಣೆಗಳನ್ನು ಕಿತ್ತುಹಾಕಿಸಿದರು. ಓದುವವನು ಕೆಲಸಗಾರರ ತಲೆಗೆ ಏನೇನೋ ತುಂಬುತ್ತಾನೆ ಎಂಬುದು ಅವರ ದೂರು. ಅವನ ಜಾಗಕ್ಕೆ ಬಂದದ್ದು ರೇಡಿಯೋ.

ಈ ಕಥೆ ನನಗೆ ತಿಳಿದದ್ದು ಇತಿಹಾಸದ ಪುಸ್ತಕದಿಂದಲ್ಲ, ನಾಟಕದಿಂದ. ನೀಲೊ ಕ್ರೂಸ್ ಬರೆದ ‘ಆನಾ ಇನ್ ದ ಟ್ರಾಪಿಕ್ಸ್’. 2003ರಲ್ಲಿ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ನಾಟಕಕ್ಕಾಗಿ ಆ ಪ್ರಶಸ್ತಿ ಪಡೆದ ಮೊದಲ ಲ್ಯಾಟಿನೊ ಲೇಖಕ ಆತ. ಆ ನಾಟಕಕ್ಕೆ ಮತ್ತೆ ಬರುತ್ತೇನೆ. ಮೊದಲು ಈ ‘ಲ್ಯಾಟಿನೊ’ ಅನ್ನುವ ಮಾತನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ಇವತ್ತಿನ ನನ್ನ ತಕರಾರೆಲ್ಲ ಇರುವುದು ಅದರಲ್ಲೇ.

2020ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕದ ಮೂಲದವರು, ಎಂದು ಲೆಕ್ಕಕ್ಕೆ ಬಂದವರು 6 ಕೋಟಿ 20 ಲಕ್ಷ. ಹೆಚ್ಚುಕಡಿಮೆ ನಮ್ಮ ಕರ್ನಾಟಕದಷ್ಟು ಜನ. ಆದರೆ ಇವರು ಒಂದೇ ಮನೆಯವರೇನಲ್ಲ. ಮೆಕ್ಸಿಕೊ ಮೂಲದವರಲ್ಲಿ ಕೆಲವರ ಹಿರಿಯರು ಅಮೆರಿಕಕ್ಕೆ ಬಂದವರೇ ಅಲ್ಲ, ಅಮೆರಿಕವೇ ಅವರಲ್ಲಿಗೆ ಬಂತು. 1848ರ ಒಪ್ಪಂದದಲ್ಲಿ ಕ್ಯಾಲಿಫೋರ್ನಿಯಾ ಮೊದಲಾದ ಸೀಮೆಗಳು ಕೈ ಬದಲಾಯಿಸಿದವು. ಪೋರ್ಟೊ ರಿಕೊ ದ್ವೀಪದವರು 1917ರಿಂದಲೇ ಅಮೆರಿಕದ ಪ್ರಜೆಗಳು. ನ್ಯೂಯಾರ್ಕಿಗೆ ಬರಲು ಅವರಿಗೆ ಪಾಸ್‌ಪೋರ್ಟು ಬೇಡ, ಆದರೂ ಬಂದ ಮೇಲೆ ಪರದೇಶಿಗಳೇ. ಕ್ಯೂಬಾದವರಲ್ಲಿ ಬಹಳ ಮಂದಿ 1959ರ ಕ್ರಾಂತಿಯ ನಂತರ ದೇಶ ಬಿಟ್ಟವರು. ಮೂರೂ ಬೇರೆ ಬೇರೆ ಗಾಯ. ಜನಗಣತಿಯ ಫಾರಮ್ಮು ಇವರೆಲ್ಲರ ಕೊರಳಿಗೆ ಒಂದೇ ಬೋರ್ಡು ಕಟ್ಟಿತು.

ಕೊರಳಿಗೆ ಬೋರ್ಡು ಎಂದೆನಲ್ಲ, ಅದು ಬರೀ ಮಾತಿನ ಅಲಂಕಾರವಲ್ಲ. ಅಮೆರಿಕದ ಲ್ಯಾಟಿನೊ ರಂಗಭೂಮಿಯ ಒಂದು ದೊಡ್ಡ ಅಧ್ಯಾಯ ಶುರುವಾದದ್ದೇ ನಿಜವಾದ ರಟ್ಟಿನ ಬೋರ್ಡಿನಿಂದ.

1965ರ ಸೆಪ್ಟೆಂಬರ್. ಕ್ಯಾಲಿಫೋರ್ನಿಯಾದ ಡೆಲಾನೊ ಎಂಬ ಸಣ್ಣ ಊರಿನ ಸುತ್ತ ದ್ರಾಕ್ಷಿ ತೋಟಗಳು. ಮೊದಲು ಫಿಲಿಪೀನ್ಸಿನ ಕೂಲಿಗಳು ಮುಷ್ಕರ ಹೂಡಿದರು. ಒಂದು ವಾರದಲ್ಲಿ ಸೀಸರ್ ಚಾವೆಸ್, ಡೊಲೊರೆಸ್ ವೆರ್ತಾ ಮುಂದಾಳುಗಳಾಗಿದ್ದ ಮೆಕ್ಸಿಕನ್ ಕೂಲಿಗಳ ಸಂಘವೂ ಸೇರಿಕೊಂಡಿತು. ಅದೇ ಡೆಲಾನೊದಲ್ಲಿ ಕೂಲಿಯವರ ಮಗನಾಗಿ ಹುಟ್ಟಿದ ಲೂಯಿಸ್ ವಾಲ್ಡೆಸ್ ಎಂಬ ಇಪ್ಪತ್ತೈದರ ತರುಣ ಆಗ ಊರಿಗೆ ಮರಳಿದ. ಕಾಲೇಜಿನಲ್ಲಿ ನಾಟಕ ಬರೆದವನು, ಸ್ಯಾನ್ ಫ್ರಾನ್ಸಿಸ್ಕೊದ ಬಯಲು ನಾಟಕದ ತಂಡವೊಂದರಲ್ಲಿ ಪಳಗಿದವನು. ಮುಷ್ಕರದವರನ್ನು ಕಲೆಹಾಕಿ ಕೆಲವರ ಕೊರಳಿಗೆ ಬೋರ್ಡು ತೂಗುಹಾಕಿದ. ಒಬ್ಬನಿಗೆ ‘ಮುಷ್ಕರದವನು’, ಇನ್ನೊಬ್ಬನಿಗೆ ‘ಮುಷ್ಕರ ಮುರಿಯುವವನು’, ಮತ್ತೊಬ್ಬನಿಗೆ ‘ಚಿಕ್ಕ ಧಣಿ’. ಇನ್ನೇನೂ ಹೇಳಿಕೊಡಲಿಲ್ಲ, ಸುಮ್ಮನೆ ಆಡಿ ಎಂದ. ಮುರಿಯುವವನ ಬೋರ್ಡು ಕಂಡದ್ದೇ ತಡ, ಕೂತವರೆಲ್ಲ ಹೋ ಎಂದು ಕೂಗಿದರು. ನಗು, ಬೈಗುಳ, ಶಿಳ್ಳೆ. ನಾಟಕ ಹುಟ್ಟಿತು. ತಂಡಕ್ಕೆ ‘ಎಲ್ ತೆಯಾತ್ರೊ ಕಾಂಪೆಸೀನೊ’ ಎಂದು ಹೆಸರಿಟ್ಟರು. ರೈತಕೂಲಿಗಳ ರಂಗಭೂಮಿ ಎಂದು ಅರ್ಥ. ತೋಟದ ಅಂಚಿನಲ್ಲಿ ಲಾರಿ ನಿಲ್ಲಿಸಿ ಅದರ ಹಿಂಬದಿಯನ್ನೇ ರಂಗ ಮಾಡಿಕೊಂಡು ಹತ್ತು ಹದಿನೈದು ನಿಮಿಷದ ಆಟ ಆಡಿದರು. 1966ರಲ್ಲಿ ಡೆಲಾನೊದಿಂದ ರಾಜಧಾನಿ ಸ್ಯಾಕ್ರಮೆಂಟೊದವರೆಗೆ ಕೂಲಿಗಳು ಪಾದಯಾತ್ರೆ ಹೋದಾಗ ತಂಗಿದ ಊರುಗಳಲ್ಲಿ ರಾತ್ರಿ ಇವರ ಆಟ. ನಮ್ಮಲ್ಲಿ ‘ಸಮುದಾಯ’ದ ಬೀದಿ ನಾಟಕ ಕಂಡವರಿಗೆ ಇದರ ಬಿಸಿ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ.

ಅವರ ಮೊದಮೊದಲ ಆಟಗಳಲ್ಲೊಂದು ಧಣಿಯ ಎರಡು ಮುಖಗಳ ಕಥೆ. ಹಂದಿಮೂತಿಯ ಮುಖವಾಡ ಹಾಕಿದ ಧಣಿ ಕೂಲಿಯವನ ಎದುರು ತನ್ನ ಕಷ್ಟ ತೋಡಿಕೊಳ್ಳುತ್ತಾನೆ. ನಿನಗೇನಪ್ಪಾ, ಚಿಂತೆಯಿಲ್ಲ, ಬಿಟ್ಟಿ ಗುಡಿಸಲು, ಬಿಟ್ಟಿ ಲಾರಿ ಸವಾರಿ, ನಾನು ನೀನಾಗಬಾರದಿತ್ತೇ ಎನ್ನುತ್ತಾನೆ. ಸರಿ, ಒಂದು ಗಳಿಗೆ ಅದಲುಬದಲಾಗೋಣ ಎಂದು ಮುಖವಾಡ, ಚಾಟಿ, ಚುರುಟು ಎಲ್ಲ ಕೂಲಿಯವನಿಗೆ ಕೊಡುತ್ತಾನೆ. ಕೂಲಿಯ ಬೋರ್ಡು ಧಣಿಯ ಕೊರಳಿಗೆ ಬೀಳುತ್ತದೆ. ಆಮೇಲೆ ಮುಖವಾಡ ತೊಟ್ಟವನು ಅಪ್ಪಟ ಧಣಿಯೇ ಆಗಿಬಿಡುತ್ತಾನೆ. ಧಣಿಯ ಕಾವಲುಗಾರನೂ ತನ್ನ ಯಜಮಾನನ ಗುರುತು ಹಿಡಿಯದೆ ಅವನನ್ನೇ ಎಳೆದೊಯ್ಯುತ್ತಾನೆ. ಕೊನೆಗೆ ಧಣಿಯೇ ಸಂಘದವರನ್ನು ಕೂಗಿ ಕರೆಯಬೇಕಾಗುತ್ತದೆ. ಗೆದ್ದ ಕೂಲಿ ಮನೆ, ಜಮೀನು, ಕಾರು ಎಲ್ಲವನ್ನೂ ಹಿಂದಕ್ಕೆ ಕೊಡಲು ಸಿದ್ಧ, ಆದರೆ ಚುರುಟನ್ನು ಮಾತ್ರ ತಾನೇ ಇಟ್ಟುಕೊಳ್ಳುತ್ತಾನೆ! ಆ ಚುರುಟು ನನಗೆ ಬಹಳ ಇಷ್ಟ. ಘೋಷಣೆಗೆ ಮುಗಿಯಬಹುದಾಗಿದ್ದ ಆಟವನ್ನು ಆ ಒಂದು ತುಂಟತನ ಕಾಪಾಡಿತು.

ಎರಡು ವರ್ಷ ಕಳೆಯುವಷ್ಟರಲ್ಲಿ ವಾಲ್ಡೆಸ್‌ಗೆ ಬೋರ್ಡಿನ ಇನ್ನೊಂದು ಅಪಾಯ ಹೊಳೆದಿತ್ತು. 1967ರ ‘ಲೊಸ್ ವೆಂದೀದೊಸ್’ ನಡೆಯುವುದು ಒಂದು ಅಂಗಡಿಯಲ್ಲಿ. ಸೆಕೆಂಡ್ ಹ್ಯಾಂಡ್ ಕಾರು ಮಾರುವ ಹಾಗೆ ಅಲ್ಲಿ ಸಾಂಚೊ ಎಂಬವನು ಸೆಕೆಂಡ್ ಹ್ಯಾಂಡ್ ಮೆಕ್ಸಿಕನ್ನರನ್ನು ಮಾರುತ್ತಾನೆ. ಗಿರಾಕಿಯಾಗಿ ಬರುವವಳು ಗವರ್ನರ್ ರೇಗನ್ ಅವರ ಕಚೇರಿಯ ಕಾರ್ಯದರ್ಶಿ. ಅವಳ ಹೆಸರು ಹಿಮೇನೆಸ್. ಆದರೆ ಅದನ್ನು ‘ಜಿಮಿನೆಜ್’ ಎಂದು ಇಂಗ್ಲಿಷ್ ಮಾಡಿಯೇ ಕರೆಯಬೇಕು ಎಂದು ಅವಳ ಹಟ. ಸರ್ಕಾರಿ ಸಮಾರಂಭದ ಶೋಭೆಗೆ ಅವಳಿಗೊಂದು ಕಂದುಬಣ್ಣದ ಮುಖ ಬೇಕಾಗಿದೆ. ಸಾಂಚೊ ಚಿಟಿಕೆ ಹೊಡೆದಂತೆಲ್ಲ ಸರಕು ಚಲಿಸುತ್ತದೆ: ಇದು ಕೂಲಿ, ಕಡಿಮೆ ತಿಂದು ಹೆಚ್ಚು ಮೈಲೇಜು ಕೊಡುತ್ತದೆ, ಇದು ಚಾಕು ಹಿಡಿದ ಪೋಕರಿ, ಇದು ಕುದುರೆ ಏರುವ ಕ್ರಾಂತಿಕಾರಿ. ಕೊನೆಗೆ ಹದಿನೈದು ಸಾವಿರ ಡಾಲರಿಗೆ ಸೂಟುಬೂಟಿನ ವಿದ್ಯಾವಂತನನ್ನು ಕೊಳ್ಳುತ್ತಾಳೆ. ದುಡ್ಡು ಕೈ ಸೇರಿದ ಕೂಡಲೇ ಅವನು ಕೆಟ್ಟುಹೋದ ಯಂತ್ರದ ಹಾಗೆ ಸ್ಪ್ಯಾನಿಷಿನಲ್ಲಿ ಮುಷ್ಕರದ ಕೂಗು ಹಾಕತೊಡಗುತ್ತಾನೆ. ಅವಳು ಹೆದರಿ ಓಡಿದ ಮೇಲೆ ಗೊಂಬೆಗಳೆಲ್ಲ ಮೈಮುರಿದು ಎದ್ದು ದುಡ್ಡು ಹಂಚಿಕೊಳ್ಳುತ್ತವೆ. ನಿಜವಾದ ಯಂತ್ರ ಸಾಂಚೊ! ಅವನನ್ನು ಎತ್ತಿಕೊಂಡು ಹೋಗುತ್ತಾರೆ.

ಸಂಘಟನೆಗೆಂದು ತಾವೇ ಕಟ್ಟಿಕೊಂಡ ಬೋರ್ಡಿಗೆ ಮಾರುಕಟ್ಟೆಯಲ್ಲೂ ಬೆಲೆ ಬರುತ್ತದೆ ಎಂದು ವಾಲ್ಡೆಸ್‌ಗೆ ಅಷ್ಟು ಬೇಗ ಗೊತ್ತಾಗಿತ್ತು. ಗೊತ್ತಿದ್ದೂ ಮಾರುಕಟ್ಟೆಗೇ ಹೋದ, ಅದರಲ್ಲಿ ತಪ್ಪೇನೂ ಇಲ್ಲ. 1978ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಅವನ ‘ಜೂಟ್ ಸೂಟ್’ ಗೆದ್ದಿತು. 1942ರ ಒಂದು ಕೊಲೆ ಮೊಕದ್ದಮೆಯಲ್ಲಿ ಮೆಕ್ಸಿಕನ್ ಹುಡುಗರನ್ನು ಸಾಲಾಗಿ ಜೈಲಿಗೆ ಹಾಕಿದ್ದರು. ಮೇಲ್ಮನವಿಯಲ್ಲಿ ತೀರ್ಪು ಬಿದ್ದುಹೋಯಿತು. ಆ ಘಟನೆ ಇದರ ಬೇರು. ತೆರೆಯ ಜಾಗದಲ್ಲಿ ಒಂದು ದೈತ್ಯ ದಿನಪತ್ರಿಕೆ ತೂಗುತ್ತಿರುತ್ತದೆ. ಉದ್ದ ಕೋಟಿನ ಪಚೂಕೊ ಎಂಬ ಪಾತ್ರ ಅದನ್ನು ಚಾಕುವಿನಿಂದ ಸೀಳಿಕೊಂಡು ಒಳಗೆ ಬರುತ್ತಾನೆ. ಎಂಥ ಪ್ರವೇಶ ನೋಡಿ! ನಾಟಕದ ಕೊನೆಯಲ್ಲಿ ನಾಯಕ ಹೆನ್ರಿಗೆ ಏನಾಯಿತು ಎಂಬುದಕ್ಕೆ ಉತ್ತರ ಒಂದಲ್ಲ. ಮತ್ತೆ ಜೈಲಿಗೆ ಹೋದ ಎನ್ನುತ್ತಾನೆ ಒಬ್ಬ. ಕೊರಿಯಾ ಯುದ್ಧದಲ್ಲಿ ಸತ್ತು ಪದಕ ಪಡೆದ ಎನ್ನುತ್ತಾನೆ ಇನ್ನೊಬ್ಬ. ಮದುವೆಯಾಗಿ ಮಕ್ಕಳಾದವು ಎನ್ನುತ್ತಾನೆ ಮತ್ತೊಬ್ಬ. ಹೇಳುವವನು ಬದಲಾದ ಹಾಗೆ ಹೆನ್ರಿಯೂ ಬದಲಾಗುತ್ತಾನೆ. 1979ರಲ್ಲಿ ಇದು ನ್ಯೂಯಾರ್ಕಿನ ಬ್ರಾಡ್‌ವೇಗೆ ಹೋಯಿತು, ಅಲ್ಲಿಗೆ ಹೋದ ಮೊದಲ ಚಿಕಾನೊ, ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್ನರ, ನಾಟಕವಾಗಿ. ಲಾಸ್ ಏಂಜಲಿಸ್ ಎದೆಗಪ್ಪಿಕೊಂಡದ್ದು ನ್ಯೂಯಾರ್ಕಿನ ವಿಮರ್ಶಕರಿಗೆ ರುಚಿಸಲಿಲ್ಲ. ಐದು ವಾರದಲ್ಲಿ, 41 ಪ್ರದರ್ಶನಕ್ಕೆ, ಬಾಗಿಲು ಹಾಕಿತು.

ಬ್ರಾಡ್‌ವೇಗೆ ಲ್ಯಾಟಿನೊಗಳು ಅಪರಿಚಿತರೇನಲ್ಲ. 1957ರಿಂದ ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ಪೋರ್ಟೊ ರಿಕೊದವರು ಹಾಡಿ ಕುಣಿದು ಚಾಕು ಬೀಸುತ್ತಲೇ ಇದ್ದಾರೆ. ಕಥೆ ಬರೆದವರು, ಹಾಡು ಬರೆದವರು, ರಾಗ ಹಾಕಿದವರು, ಕುಣಿಸಿದವರು, ಈ ನಾಲ್ವರಲ್ಲಿ ಒಬ್ಬರಾದರೂ ಪೋರ್ಟೊ ರಿಕೊದವರಲ್ಲ, ಅಷ್ಟೆ. ನಡುವೆ 1974ರಲ್ಲಿ ಮಿಗೆಲ್ ಪಿನ್ಯೇರೊ ಬಂದ. ಸಿಂಗ್ ಸಿಂಗ್ ಜೈಲಿನಲ್ಲಿ ಕೈದಿಯಾಗಿದ್ದು ಬರೆದ ‘ಶಾರ್ಟ್ ಐಸ್’ ನಾಟಕದಿಂದ ನ್ಯೂಯಾರ್ಕನ್ನು ನಡುಗಿಸಿದ. ಆ ಹೆಸರೂ ಒಂದು ಬೋರ್ಡೇ. ಮಕ್ಕಳ ಮೇಲೆ ಕೈಮಾಡಿದ ಆರೋಪಿಗೆ ಜೈಲಿನವರು ಕೊಡುವ ಹೆಸರು.

ಈಗ ನನಗೆ ಎಲ್ಲರಿಗಿಂತ ಹೆಚ್ಚು ಬೇಕಾದವಳ ಬಗ್ಗೆ ಹೇಳುತ್ತೇನೆ. ಮರೀಯಾ ಐರೀನ್ ಫೊರ್ನೇಸ್. 1930ರಲ್ಲಿ ಹವಾನಾದಲ್ಲಿ ಹುಟ್ಟಿ, 1945ರಲ್ಲಿ ತಾಯಿಯ ಜೊತೆ ನ್ಯೂಯಾರ್ಕಿಗೆ ಬಂದವಳು. ಚಿತ್ರ ಬರೆಯಲು ಪ್ಯಾರಿಸ್ಸಿಗೆ ಹೋಗಿದ್ದಾಗ ಬೆಕೆಟ್‌ನ ‘ಗೋಡೋ’ ನಾಟಕವನ್ನು ಫ್ರೆಂಚಿನಲ್ಲಿ ನೋಡಿದಳು. ಫ್ರೆಂಚ್ ಬಾರದು, ಆದರೂ ಬದುಕು ತಿರುಗಿತು. ಆಮೇಲೆ ಒಂದು ದಿನ ಗೆಳತಿ ಸೂಸನ್ ಸೊಂಟ್ಯಾಗ್ ಬರವಣಿಗೆ ಕೈಹತ್ತುತ್ತಿಲ್ಲ ಎಂದು ಪೇಚಾಡುತ್ತಿದ್ದಳು. ಅದೇನು ಮಹಾ ಕಷ್ಟ ಎಂದು ಇವಳು ಜೊತೆಗೆ ಕೂತಳು. ಕೈಗೆ ಸಿಕ್ಕ ಅಡುಗೆ ಪುಸ್ತಕ ತೆರೆದು, ಅದರ ಸಾಲುಗಳ ಮೊದಲ ಪದಗಳನ್ನು ಹೆಕ್ಕಿ ಹೆಕ್ಕಿ ಒಂದು ಕಥೆ ಹೆಣೆದಳು. ಹೀಗೆ ಶುರುವಾದ ಲೇಖಕಿ.

ಅವಳ ಹೆಸರಾಂತ ನಾಟಕ 1977ರ ‘ಫೆಫು ಆಂಡ್ ಹರ್ ಫ್ರೆಂಡ್ಸ್’. 1935ರ ನ್ಯೂ ಇಂಗ್ಲೆಂಡ್ ಸೀಮೆಯ ಒಂದು ಮನೆ, ಎಂಟು ಜನ ಹೆಂಗಸರು. ನಡುವಿನ ಭಾಗಕ್ಕೆ ಪ್ರೇಕ್ಷಕರನ್ನು ನಾಲ್ಕು ಗುಂಪಾಗಿ ಒಡೆದು ಅಡುಗೆಮನೆ, ಮಲಗುವ ಕೋಣೆ, ಓದುವ ಕೋಣೆ, ಹುಲ್ಲುಹಾಸುಗಳಿಗೆ ಕರೆದೊಯ್ಯುತ್ತಾರೆ. ಒಂದೊಂದು ಗುಂಪು ಒಂದೊಂದು ಸರದಿಯಲ್ಲಿ ನೋಡುತ್ತದೆ, ನಟಿಯರು ಅದನ್ನೇ ನಾಲ್ಕು ಸಲ ಆಡುತ್ತಾರೆ. ಈ ನಾಟಕದಲ್ಲಿ ಕ್ಯೂಬಾ ಇಲ್ಲ, ಚುರುಟಿಲ್ಲ, ಬಾಳೆಗಿಡವಿಲ್ಲ. ಹಾಗಾದರೆ ಇದು ಲ್ಯಾಟಿನೊ ನಾಟಕ ಹೌದೋ ಅಲ್ಲವೋ? ಪ್ರಶ್ನೆ ಕೇಳಿದವನಿಗೇ ಅದರ ಭಾರ. ಬೇಕೆನಿಸಿದಾಗ ಅವಳು ಕ್ಯೂಬಾವನ್ನೂ ಬರೆದಳು. 2000ದಲ್ಲಿ ಆಡಿದ ಅವಳ ಕೊನೆಯ ನಾಟಕ ಹುಟ್ಟಿದ್ದು, ಹವಾನಾದಲ್ಲೇ ಉಳಿದ ಅಣ್ಣ ದಶಕಗಳ ಕಾಲ ಬರೆದ ಕಾಗದಗಳಿಂದ.

ಅವಳ ಇನ್ನೊಂದು ಕೆಲಸ ನಾಟಕಗಳಷ್ಟೇ ದೊಡ್ಡದು. ನ್ಯೂಯಾರ್ಕಿನ ಇಂಟಾರ್ ಎಂಬ ರಂಗಸಂಸ್ಥೆಯಲ್ಲಿ 1981ರಿಂದ ಸುಮಾರು ಹನ್ನೊಂದು ವರ್ಷ ಲ್ಯಾಟಿನೊ ನಾಟಕಕಾರರಿಗಾಗಿ ಒಂದು ಕಮ್ಮಟ ನಡೆಸಿದಳು. ಮೊದಲು ಯೋಗಾಸನ, ಆಮೇಲೆ ಕಣ್ಣು ಮುಚ್ಚಿಕೊಂಡು ಒಂದು ಜಾಗವನ್ನು, ಒಂದು ಮುಖವನ್ನು ಕಾಣುವುದು, ಅದನ್ನು ಗೀಚಿ ನೋಡುವುದು, ಆಮೇಲಷ್ಟೇ ಮಾತು. ನಿಮ್ಮ ಜನಾಂಗದ ಸಮಸ್ಯೆ ಬರೆಯಿರಿ ಎಂದು ಹೇಳುವ ಪಾಠವಲ್ಲ ಅದು. ಬೋರ್ಡು ನೋಡಿಯೇ ಒಳಗೆ ಬಿಟ್ಟುಕೊಂಡರೂ, ಒಳಗೆ ಬಂದ ಮೇಲೆ ಅದನ್ನು ಬಾಗಿಲ ಬಳಿ ಚಪ್ಪಲಿಯ ಜೊತೆ ಬಿಟ್ಟು ಬರಬೇಕಾದ ಮನೆ. ಎಡ್ವಾರ್ಡೊ ಮಚಾದೊ, ಚೆರಿ ಮೊರಾಗಾ, ಮಿಗ್ಡಾಲಿಯಾ ಕ್ರೂಸ್, ನೀಲೊ ಕ್ರೂಸ್ ಎಲ್ಲ ಅಲ್ಲಿ ಕೂತು ಕಲಿತವರು. ಒಬ್ಬರ ಬರವಣಿಗೆ ಇನ್ನೊಬ್ಬರದರ ಹಾಗಿಲ್ಲ. ಗುರು ಒಳ್ಳೆಯವಳು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗೆಂದು ಬೋರ್ಡಿನ ಅಂಗಡಿ ಮುಚ್ಚಿತೇ? ಇಲ್ಲ. ಕ್ರಿಸ್ಟೋಫರ್ ಡಿಯಾಸ್‌ನ ‘ಚಾಡ್ ಡೀಟಿ’ ನಾಟಕ 2010ರಲ್ಲಿ ಪುಲಿಟ್ಜರ್‌ನ ಕೊನೆಯ ಸುತ್ತಿನವರೆಗೆ ಹೋಯಿತು. ನಡೆಯುವುದು ಟೀವಿ ಕುಸ್ತಿಯ ಅಖಾಡದಲ್ಲಿ. ಕಥೆ ಹೇಳುವವನು ಮೇಸ್, ನ್ಯೂಯಾರ್ಕಿನ ಬ್ರಾಂಕ್ಸ್‌ನ ಪೋರ್ಟೊ ರಿಕನ್ ಪೈಲ್ವಾನ. ಸೋಲುವುದೇ ಅವನ ನೌಕರಿ. ಗೆಲ್ಲುವವನು ಚೆನ್ನಾಗಿ ಕಾಣುವ ಹಾಗೆ ಬೀಳಲು ಅವನಿಗೆ ಸಂಬಳ. ಅವನು ಬ್ರೂಕ್ಲಿನ್ನಿನಿಂದ ಒಬ್ಬ ಹುಡುಗನನ್ನು ಕರೆತರುತ್ತಾನೆ. ಹುಡುಗನ ಹೆಸರು ಕೇಳಿ ನಮ್ಮ ಕಿವಿ ನಿಮಿರಬೇಕು: ವಿಘ್ನೇಶ್ವರ್ ಪದುವಾರ್. ಭಾರತೀಯ ಮೂಲದವನು, ಹಲವು ಭಾಷೆಗಳಲ್ಲಿ ಹುಡುಗಿಯರ ಮನ ಗೆಲ್ಲಬಲ್ಲ ಚೂಟಿ. ಕಂಪನಿಯ ಧಣಿ ಅವನ ಮುಖ ನೋಡಿದವನೇ ಗಡ್ಡ ಅಂಟಿಸಿ ‘ಮೂಲಭೂತವಾದಿ’ ಮುಸ್ಲಿಂ ಮಾಡುತ್ತಾನೆ. ಪೋರ್ಟೊ ರಿಕೊದ ಮೇಸ್‌ಗೆ ದೊಡ್ಡ ಟೋಪಿ ಹಾಕಿ ಮೆಕ್ಸಿಕನ್ ಬಂಡುಕೋರ ಮಾಡುತ್ತಾನೆ. ಗಣೇಶನ ಹೆಸರಿನವನ ಕೊರಳಿಗೆ ಈ ಬೋರ್ಡು! ಜನ ಊಳಿಡುತ್ತಾರೆ, ಟಿಕೆಟ್ಟು ಮಾರುತ್ತದೆ. ಸಾಂಚೊನ ಅಂಗಡಿಗೆ ಈಗ ಸಿಡಿಮದ್ದು, ದೊಡ್ಡ ಪರದೆ ಎಲ್ಲ ಬಂದಿದೆ. ಒಂದು ವ್ಯತ್ಯಾಸವಿದೆ. ವಾಲ್ಡೆಸ್‌ನ ಗೊಂಬೆಗಳು ಕೊನೆಗೆ ಎದ್ದು ನಕ್ಕವು. ಮೇಸ್‌ಗೆ ಕುಸ್ತಿಯ ಮೇಲೆ ನಿಜವಾದ ಪ್ರೀತಿ ಇದೆ. ತನ್ನನ್ನು ಅವಮಾನಿಸುವ ಆಟವನ್ನೇ ಪ್ರೀತಿಸುವವನ ಪಾಡು ಅವನದು. ಇದು ಇನ್ನೂ ಕಹಿ, ಇನ್ನೂ ನಿಜ.

ಲಿನ್-ಮನುವೆಲ್ ಮಿರಾಂಡಾ ಮತ್ತು ‘ಹ್ಯಾಮಿಲ್ಟನ್’ ಬಗ್ಗೆ ಎಲ್ಲರೂ ಬೇಕಾದಷ್ಟು ಮಾತಾಡಿದ್ದಾರೆ, ನಾನು ಬಿಡುತ್ತೇನೆ. ಅವನ ಮೊದಲ ಸಂಗೀತನಾಟಕ ‘ಇನ್ ದ ಹೈಟ್ಸ್’ಗೆ ಕಥಾಭಾಗ ಬರೆದ ಕಿಯಾರಾ ಅಲೆಗ್ರಿಯಾ ಹ್ಯೂಡೆಸ್ ಬಗ್ಗೆ ಹೇಳಬೇಕು. ಫಿಲಡೆಲ್ಫಿಯಾದವಳು, ತಾಯಿ ಪೋರ್ಟೊ ರಿಕೊ, ತಂದೆ ಯಹೂದಿ. 2012ರಲ್ಲಿ ಅವಳಿಗೆ ಪುಲಿಟ್ಜರ್ ತಂದ ‘ವಾಟರ್ ಬೈ ದ ಸ್ಪೂನ್‌ಫುಲ್’ ಮೊದಲು ಆಡಿದ್ದು ಹಿಂದಿನ ವರ್ಷ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ. ಅದೇ ಊರಿನ ಇನ್ನೊಂದು ರಂಗಮಂದಿರ ಅದೇ ವರ್ಷ ಬೇರೊಂದು ನಾಟಕದ ಪೋರ್ಟೊ ರಿಕನ್ ಪಾತ್ರಗಳಿಗೆ ಬಿಳಿಯ ನಟರನ್ನು ಹಾಕಿ ದೊಡ್ಡ ಗಲಾಟೆಯಾಯಿತು. ಬೋರ್ಡು ಬೇಡ ಎನ್ನುವುದು ಸುಲಭ. ಪಾತ್ರ ಕೈತಪ್ಪಿದ ನಟನಿಗೆ ಕೇಳಿ, ಬೋರ್ಡಿನ ಅಗತ್ಯ ಅವನು ಹೇಳುತ್ತಾನೆ.

ಹ್ಯೂಡೆಸ್ ನಾಟಕದಲ್ಲಿ ಮಾದಕವಸ್ತುವಿನ ಚಟದಿಂದ ಬಿಡಿಸಿಕೊಳ್ಳುತ್ತಿರುವ ಕೆಲವರು ಇಂಟರ್ನೆಟ್ಟಿನಲ್ಲಿ ಪರಸ್ಪರ ಮಾತಾಡಿಕೊಳ್ಳುತ್ತಾರೆ. ಒಬ್ಬರ ಮುಖ ಒಬ್ಬರು ಕಂಡಿಲ್ಲ. ತಮಗೆ ತಾವೇ ಇಟ್ಟುಕೊಂಡ ಹೆಸರುಗಳಷ್ಟೇ. ಆ ಗುಂಪನ್ನು ತಾಯಿಯಂತೆ ಸಲಹುವವಳು ಒಡೆಸ್ಸಾ. ಆದರೆ ಹಿಂದೊಮ್ಮೆ ಅವಳ ಎರಡು ಮಕ್ಕಳಿಗೆ ವಾಂತಿಭೇದಿ ಹಿಡಿದಿತ್ತು. ಐದೈದು ನಿಮಿಷಕ್ಕೆ ಒಂದು ಚಮಚ ನೀರು ಕುಡಿಸಬೇಕಿತ್ತು. ಅವಳು ಚಟಕ್ಕೆ ಎದ್ದು ಹೋದಳು. ಮಗಳು ಸತ್ತಳು, ಮಗ ಎಲಿಯಟ್ ಉಳಿದ. ಇರಾಕ್ ಯುದ್ಧಕ್ಕೆ ಹೋಗಿಬಂದ ಆ ಮಗ ಅವಳ ಗುಂಪಿನವನೊಬ್ಬನ ಎದುರೇ ಆ ಚಮಚದ ಕಥೆಯನ್ನು ಎಳೆದು ಹಾಕುತ್ತಾನೆ. ಇಲ್ಲಿ ಪೋರ್ಟೊ ರಿಕೊ ಇದೆ, ಅಡುಗೆಯಲ್ಲಿ, ಹೂವಿನಲ್ಲಿ, ಸಾವಿನ ಮನೆಯ ಓಡಾಟದಲ್ಲಿ. ಅದನ್ನು ಯಾರೂ ಪ್ರೇಕ್ಷಕರಿಗೆ ವಿವರಿಸುವುದಿಲ್ಲ. ಮನೆಯವರು ಮನೆಯ ವಿಳಾಸ ಹೇಳಿಕೊಳ್ಳುತ್ತಾರೆಯೇ?

ಇನ್ನು ಚುರುಟು ಕಾರ್ಖಾನೆಗೆ ಹೋಗೋಣ. ನೀಲೊ ಕ್ರೂಸ್ ಕ್ಯೂಬಾದ ಮಾತಾನ್ಸಾಸ್‌ನಲ್ಲಿ 1960ರಲ್ಲಿ ಹುಟ್ಟಿ, ಹತ್ತನೆಯ ವಯಸ್ಸಿಗೆ ಮಯಾಮಿಗೆ ಬಂದವನು. ‘ಆನಾ’ ಮೊದಲು ಪ್ರದರ್ಶನವಾದದ್ದು ಮಯಾಮಿಯ ಪಕ್ಕದ ಕೋರಲ್ ಗೇಬಲ್ಸ್‌ನಲ್ಲಿ, ನೂರು ಚಿಲ್ಲರೆ ಆಸನಗಳ ಸಣ್ಣ ಮಂದಿರದಲ್ಲಿ. ಪ್ರಶಸ್ತಿಯ ತೀರ್ಪುಗಾರರು ಪ್ರದರ್ಶನ ನೋಡದೆ ಬರಿಯ ಪಠ್ಯ ಓದಿಯೇ ಆರಿಸಿದರು. ಓದುವವನ ಕುರಿತ ನಾಟಕಕ್ಕೆ ಇದಕ್ಕಿಂತ ಒಪ್ಪುವ ಗೆಲುವು ಬೇಕೆ!

1929ರ ಈಬೋರ್ ಸಿಟಿ. ಹುವಾನ್ ಹೂಲಿಯಾನ್ ಎಂಬ ಹೊಸ ಲೆಕ್ಟೋರ್ ಕ್ಯೂಬಾದಿಂದ ಹಡಗಿಳಿಯುತ್ತಾನೆ. ಓದಲು ತಂದದ್ದು ಟಾಲ್‌ಸ್ಟಾಯ್‌ನ ‘ಆನಾ ಕರೆನಿನಾ’. ಫ್ಲಾರಿಡಾದ ಸೆಖೆಯಲ್ಲಿ ರಷ್ಯಾದ ಹಿಮ ಬೀಳತೊಡಗುತ್ತದೆ. ಕೇಳುತ್ತ ಕೇಳುತ್ತ ಕೊಂಚಿತಾ ಎಂಬವಳಿಗೆ ತನ್ನ ದಾಂಪತ್ಯ ಬೇರೆಯಾಗಿ ಕಾಣುತ್ತದೆ. ಅವಳು ಓದುವವನಿಗೇ ಒಲಿಯುತ್ತಾಳೆ. ಗಂಡ ಪಾಲೊಮೊ ಹೊಟ್ಟೆ ಉರಿಯುತ್ತ, ಕುತೂಹಲದಲ್ಲಿ ಬೇಯುತ್ತ ನೋಡುತ್ತಾನೆ. ಇನ್ನೊಬ್ಬ ಚೆಚೆ. ಅವನ ಹೆಂಡತಿ ಹಿಂದಿನ ಲೆಕ್ಟೋರ್ ಜೊತೆ ಓಡಿಹೋಗಿದ್ದಾಳೆ. ಅವನಿಗೆ ಯಂತ್ರಗಳು ಬೇಕು, ಓದು ಬೇಡ. ಮಾತು ಕೆಲವೆಡೆ ಜೇನು ಹೆಚ್ಚಾದ ಹೋಳಿಗೆಯ ಹಾಗಿದೆ, ಒಪ್ಪುತ್ತೇನೆ. ಆದರೆ ಒಂದು ಸೂಕ್ಷ್ಮ ಗಮನಿಸಿ. ನಾಟಕ ಇರುವುದು ಇಂಗ್ಲಿಷಿನಲ್ಲಿ, ಪಾತ್ರಗಳು ಆಡುತ್ತಿರುವುದು ಸ್ಪ್ಯಾನಿಷ್ ಎಂದು ನಾವು ತಿಳಿದುಕೊಳ್ಳಬೇಕು. ಆದ್ದರಿಂದ ಇಲ್ಲಿ ಯಾರೂ ಹರುಕುಮುರುಕು ಇಂಗ್ಲಿಷ್ ಆಡಿ ನಗಿಸುವುದಿಲ್ಲ. ತಂತಮ್ಮ ಮನೆಮಾತಿನಲ್ಲಿ ಯಾರು ತಾನೇ ತೊದಲುತ್ತಾರೆ? ವಲಸೆಗಾರನೆಂದರೆ ತೊದಲುವವನು ಎಂಬ ಬೋರ್ಡನ್ನು ಕ್ರೂಸ್ ಒಂದೂ ಘೋಷಣೆಯಿಲ್ಲದೆ ಇಳಿಸಿಬಿಟ್ಟ.

ಕೊನೆಯಲ್ಲಿ ಚೆಚೆ ಲೆಕ್ಟೋರನ್ನು ಗುಂಡಿಟ್ಟು ಕೊಲ್ಲುತ್ತಾನೆ. ಕೆಲವು ದಿನಗಳ ಮೇಲೆ ಎಲ್ಲರೂ ಮತ್ತೆ ಕೆಲಸಕ್ಕೆ ಕೂತಿದ್ದಾರೆ. ಕಾರ್ಖಾನೆಯಲ್ಲಿ ಮೌನ, ಆ ಮೌನ ಯಾರಿಂದಲೂ ಸಹಿಸಲಾಗದು. ಕಾದಂಬರಿ ಅರ್ಧಕ್ಕೆ ನಿಂತಿದೆ. ಆಗ ಪುಸ್ತಕ ಕೈಗೆತ್ತಿಕೊಳ್ಳುವವನು ಪಾಲೊಮೊ, ಸತ್ತವನಿಗೆ ಹೆಂಡತಿ ಒಲಿದದ್ದನ್ನು ನೋಡುತ್ತ ಕೂತಿದ್ದ ಅದೇ ಗಂಡ. ಅವನು ಓದತೊಡಗುತ್ತಾನೆ. ಕೊಂಚಿತಾ ಕೇಳುತ್ತಾಳೆ.